ಹದಿನಾರು ಕೆರೆ ಏರಿ ಮೇಲೆ ಹಕ್ಕಿ ಎಣಿಸಿದ್ದು

ಜನವರಿ ಬಂತು ಅಂದರೆ ನಂಜನಗೂಡು ತಾಲ್ಲೂಕಿನ ಹದಿನಾರು ಅನ್ನೋ ಊರಿನ ಕೆರೆ ಏರಿ ಮೇಲೆ ನಾನು ಹಾಜರು. ಹೋಗುವುದು ಏಷ್ಯಾ ನೀರುಹಕ್ಕಿ ಗಣತಿಗೆ, ಅಂದರೆ ಕೆರೆಯಂಥ ಜಾಗಗಳ ಹಕ್ಕಿ ಎಣಿಸಲು. ಅದು ಶುರುವಾಗಿದ್ದು 1987ರಲ್ಲಿ. ನಮ್ಮ ದೇಶದಲ್ಲಿ ಅದನ್ನು ನಡೆಸಿಕೊಂಡು ಬಂದವರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಮುಖ್ಯ. 1883ರಿಂದ ಇರುವ ಸಂಸ್ಥೆ ಅದು. ಆದರೆ ಲೆಕ್ಕ ಸಿಗುವುದು ಊರೂರಿನ ಜನ ಬೆಳಗ್ಗೆ ಎದ್ದು ಕೆರೆ ಹತ್ತಿರ ಹೋದರೆ ಮಾತ್ರ, ಅಲ್ವಾ?

ಮೊದಲ ವರ್ಷ ನಾನು ತಪ್ಪು ಮಾಡಿದೆ. ಪಟ್ಟೆತಲೆ ಹೆಬ್ಬಾತುಗಳ ಹಿಂಡು ನೀರಂಚಿನಲ್ಲಿ ಕೂತಿತ್ತು. ಒಂದೊಂದೇ ಎಣಿಸುತ್ತಾ 140ಕ್ಕೆ ಬಂದಿದ್ದೆ, ಅಷ್ಟರಲ್ಲಿ ಜೌಗು ಸೆಳೆವ ಅನ್ನೋ ಬೇಟೆ ಹಕ್ಕಿಯೊಂದು ಮೇಲೆ ಹಾದುಹೋಯಿತು, ಇಡೀ ಹಿಂಡು ಎದ್ದು ಒಂದು ಸುತ್ತು ಹಾಕಿ ಬೇರೆ ಕಡೆ ಇಳಿಯಿತು. ಲೆಕ್ಕ ಕಲಸಿಹೋಯಿತು. ಸುಮ್ನೆ 500 ಅಂತ ಬರೆದುಬಿಟ್ಟೆ. ಜೊತೆಗಿದ್ದ ಹಿರಿಯರು ಪುಸ್ತಕ ನೋಡಿ, "ಇದು ನೀನು ಎಣಿಸಿದ್ದಾ, ಅಂದುಕೊಂಡಿದ್ದಾ?" ಅಂದರು. ಅದನ್ನು ಹೊಡೆದುಹಾಕಿ ಮತ್ತೆ ಮೊದಲಿಂದ ಶುರು ಮಾಡಿದೆ.

ಅವರೇ ಕಲಿಸಿದರು. ಮೊದಲು ಹತ್ತು ಹಕ್ಕಿ ಎಣಿಸಿ, ಹತ್ತು ಅಂದರೆ ಎಷ್ಟು ಜಾಗ ಅಂತ ಕಣ್ಣಿಗೆ ರೂಢಿ ಮಾಡಿಕೊಳ್ಳಬೇಕು. ಆಮೇಲೆ ಅದೇ ಅಳತೆಯಲ್ಲಿ ಈ ತುದಿಯಿಂದ ಆ ತುದಿಗೆ ಹತ್ತು, ಇಪ್ಪತ್ತು, ಮೂವತ್ತು. ಇಬ್ಬರು ಬೇರೆ ಬೇರೆ ಎಣಿಸಿ ತಾಳೆ ನೋಡಿದರೆ ಇನ್ನೂ ಒಳ್ಳೆಯದು. ಬಿಸಿಲು ಬೆನ್ನಿಗಿರಲಿ. ಇವು ರಾತ್ರಿ ಗದ್ದೆ, ಹೊಲದಲ್ಲಿ ಮೇಯ್ದು ಬೆಳಗ್ಗೆ ಕೆರೆಗೆ ವಾಪಸ್ ಬರುತ್ತವೆ. ಬಂದು ಕೂತ ಮೇಲೆ ಎಣಿಸಬೇಕು, ಹಾಗಂತ ಜಾಸ್ತಿ ಹೊತ್ತು ಮಾಡಿದರೆ ಬಿಸಿಲ ಝಳಕ್ಕೆ ಟೆಲಿಸ್ಕೋಪಿನಲ್ಲಿ ಎಲ್ಲ ಅಲುಗಾಡುತ್ತೆ.

ಒಂದು ಸಲ ಒಂದು ಹೆಬ್ಬಾತಿನ ಕತ್ತಲ್ಲಿ ಕಾಲರ್ ಕಂಡಿತು, ಅಂದರೆ ಹಕ್ಕಿಯ ಗುರುತಿಗೆ ಸಂಶೋಧಕರು ಹಾಕುವ, ಅಕ್ಷರ ಬರೆದ ಪಟ್ಟಿ. ಅದು ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿ ಮಲಗಿತ್ತು. ಮುಕ್ಕಾಲು ಗಂಟೆ ಕಾದೆ. ಕೊನೆಗೆ ಕತ್ತು ಎತ್ತಿದಾಗ ಅಕ್ಷರ ಓದಿಕೊಂಡು ಬರೆದೆ. ಮಂಗೋಲಿಯಾದಲ್ಲಿ ಹಾಕಿದ್ದು ಅಂತ ಆಮೇಲೆ ತಿಳಿಯಿತು. ಹಿಮಾಲಯ ದಾಟಿ ಬಂದ ಹಕ್ಕಿ, ನಮ್ಮ ಕೆರೆ ಕೆಸರಲ್ಲಿ ಒಂಟಿ ಕಾಲಲ್ಲಿ ನಿಂತಿತ್ತು. ಅವತ್ತು ಮನೆಗೆ ಬಂದು ಎಲ್ಲರಿಗೂ ಹೇಳಿದ್ದೇ ಹೇಳಿದ್ದು.

ಇನ್ನೊಂದು ವರ್ಷ ಕೆರೆ ತುಂಬಿ ದಡವೇ ಕಾಣುತ್ತಿರಲಿಲ್ಲ. ಹೆಬ್ಬಾತು ಒಂದೂ ಇಲ್ಲ. ಹೊಸದಾಗಿ ಬಂದಿದ್ದ ಹುಡುಗ ಆ ಸಾಲನ್ನು ಖಾಲಿ ಬಿಡಲು ಹೊರಟಿದ್ದ. "ಬೇಡಪ್ಪ, ಸೊನ್ನೆ ಹಾಕು. ಖಾಲಿ ಬಿಟ್ಟರೆ ನಾವು ಹುಡುಕಿದೆವೋ ಇಲ್ಲವೋ ಅಂತ ಮುಂದಿನವರಿಗೆ ಗೊತ್ತಾಗಲ್ಲ" ಅಂದೆ. ಅವನು ಸೊನ್ನೆ ಬರೆದ. ಪಕ್ಕದಲ್ಲಿ, ಕೇಳದೇನೇ, ‘ನೀರು ಏರಿವರೆಗೆ’ ಅಂತಲೂ ಬರೆದ.