184 ಕುದುರೆಯ ಕಂಪ್ರೆಸರ್ ಎಂಜಿನ್ನಿನಿಂದ ಹುಬ್ಬಳ್ಳಿಯಲ್ಲಿ ಎಷ್ಟು ತೆಗೆಯಬಹುದು: ನನ್ನ ಅನುಭವ

ಎಂಜಿನ್ ಬಿಚ್ಚದೆ, ಕಂಪನಿ ಹಾಕಿಕೊಟ್ಟ ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್ ಮೇಲೆಯೇ ಎಷ್ಟು ಎಚ್‌ಪಿವರೆಗೆ ಹೋಗಬಹುದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹಾಕುವ ಮರುಪ್ರಶ್ನೆ ಒಂದೇ: ಗಾಡಿ ಹುಬ್ಬಳ್ಳಿಯಲ್ಲೇ ಇರುತ್ತದೋ, ಕಾರವಾರಕ್ಕೂ ಇಳಿಯುತ್ತದೋ? ಸೂಪರ್‌ಚಾರ್ಜರ್ (ಎಂಜಿನ್ನಿನ ಬೆಲ್ಟಿನಿಂದ ತಿರುಗಿ ಗಾಳಿಯನ್ನು ಒತ್ತಿ ತುಂಬುವ ಬ್ಲೋವರ್, ಮರ್ಸಿಡಿಸ್ ಬಾಯಲ್ಲಿ ಕಂಪ್ರೆಸರ್) ಇರುವ ಎಂಜಿನ್ನಿನ ಮಟ್ಟಿಗೆ ಅರ್ಧ ಉತ್ತರ ಅಲ್ಲೇ ಇದೆ.

ನಾನು ಹೇಳುತ್ತಿರುವುದು ಮರ್ಸಿಡಿಸ್ ಸಿ200 ಕಂಪ್ರೆಸರ್ ಬಗ್ಗೆ. ಡಬ್ಲ್ಯೂ204 ಬಾಡಿ, ಎಂ271 ಎಂಜಿನ್, 1796 ಸಿಸಿ, ಬೋರ್ 82 ಮಿಮೀ, ಸ್ಟ್ರೋಕ್ 85 ಮಿಮೀ. ಕಾಗದದ ಮೇಲೆ 5500 ಆರ್‌ಪಿಎಂನಲ್ಲಿ 184 ಎಚ್‌ಪಿ, 2800ರಿಂದ 5000ದವರೆಗೆ 250 ಎನ್‌ಎಂ ಟಾರ್ಕ್. ಟರ್ಬೊ (ಎಂಜಿನ್ನಿನ ಹೊಗೆಯ ರಭಸದಿಂದ ತಿರುಗುವ ಬ್ಲೋವರ್) ಗಾಡಿಗಳ ಲೆಕ್ಕವನ್ನು ಇದಕ್ಕೆ ತಂದು ಹಚ್ಚುವವರೇ ಹೆಚ್ಚು. ಅದು ಇಲ್ಲಿ ನಡೆಯುವುದಿಲ್ಲ.

ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಮೇಲಿದೆ, ಧಾರವಾಡ ಇನ್ನೂ ಸ್ವಲ್ಪ ಎತ್ತರ. ಇಲ್ಲಿನ ಗಾಳಿಯ ಒತ್ತಡ ಸಮುದ್ರದ ದಂಡೆಗಿಂತ ಏಳೂವರೆ ಶೇಕಡಾದಷ್ಟು ಕಡಿಮೆ. ಟರ್ಬೊ ಆದರೆ ಇನ್ನಷ್ಟು ಜೋರಾಗಿ ತಿರುಗಿ ಆ ಕೊರತೆ ತುಂಬಿಕೊಳ್ಳುತ್ತದೆ. ಸೂಪರ್‌ಚಾರ್ಜರ್ ಬೆಲ್ಟಿಗೆ ಕಟ್ಟಿಹಾಕಿದ ಎತ್ತು: ಕ್ರ್ಯಾಂಕ್ ಎಷ್ಟು ಸುತ್ತಿದರೆ ಅದಕ್ಕೆ ಅಷ್ಟೇ ಸುತ್ತು. ಒಳಗೆ ಬರುವ ಗಾಳಿಯೇ ತೆಳುವಾಗಿದ್ದರೆ ಹೊರಗೆ ಹೋಗುವುದೂ ತೆಳುವೇ. ಹಾಗಾಗಿ ಆರೋಗ್ಯವಾಗಿರುವ ಸಿ200 ನಮ್ಮೂರಲ್ಲಿ ಕೊಡುವುದು 170 ಎಚ್‌ಪಿ ಆಸುಪಾಸು. ಇದನ್ನು ಏರ್ ಫ್ಲೋ ಸೆನ್ಸರ್ ಮೇಲೆ ನೋಡಬಹುದು. ಫುಲ್ ಥ್ರಾಟಲ್‌ನಲ್ಲಿ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಬಂತೋ ಅದನ್ನು 1.17ರಿಂದ ಗುಣಿಸಿದರೆ ಎಚ್‌ಪಿಯ ಅಂದಾಜು ಸಿಗುತ್ತದೆ. ಸ್ಕ್ಯಾನರ್‌ನಲ್ಲಿ 145ರ ಹತ್ತಿರ ಬಂದರೆ ಎಂಜಿನ್ ಸರಿ ಇದೆ. 130 ಬಂದರೆ ಮೊದಲು ಆ ಕಾಯಿಲೆ ಹುಡುಕಬೇಕು, ಬ್ಲೋವರನ್ನು ಇನ್ನಷ್ಟು ಜೋರಾಗಿ ತಿರುಗಿಸುವ ಸಣ್ಣ ಪುಲ್ಲಿಯ ಮಾತು ಆಮೇಲೆ.

ಇದರ ಅರ್ಥ, ಇಲ್ಲಿ ಏರಿಸುವ ಮೊದಲ ಹದಿನಾಲ್ಕು ಕುದುರೆ ನಿಜವಾಗಿ ಏರಿಕೆಯೇ ಅಲ್ಲ, ಎತ್ತರ ಕಿತ್ತುಕೊಂಡದ್ದನ್ನು ವಾಪಸು ಪಡೆಯುವುದು. ಆದರೆ ಅದೇ ಗಾಡಿ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ ಮುಟ್ಟಿತು ಅಂದರೆ, ಯಾರೂ ಏನೂ ಮಾಡದೆಯೇ ಸಿಲಿಂಡರಿಗೆ ಏಳೆಂಟು ಶೇಕಡಾ ಹೆಚ್ಚು ಗಾಳಿ ನುಗ್ಗುತ್ತದೆ. ಹುಬ್ಬಳ್ಳಿಯಲ್ಲಿ ಅಂಚಿಗೆ ತಂದು ನಿಲ್ಲಿಸಿದ ಎಂಜಿನ್ ಅಲ್ಲಿ ಅಂಚು ದಾಟಿರುತ್ತದೆ. ಅದಕ್ಕೇ ನನ್ನ ಮಿತಿಯನ್ನು ಯಾವಾಗಲೂ ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿ, ಇಲ್ಲಿ ಅಷ್ಟು ಕಡಿಮೆಗೆ ನಿಲ್ಲಿಸುತ್ತೇನೆ.

ಆ ಮಿತಿ: ಸಮುದ್ರಮಟ್ಟದಲ್ಲಿ 210 ಎಚ್‌ಪಿ, ಟಾರ್ಕ್ 290 ಎನ್‌ಎಂ ಮೀರಬಾರದು. ಹುಬ್ಬಳ್ಳಿಯಲ್ಲಿ ಅದು 195ರಷ್ಟು ತೋರಿಸುತ್ತದೆ, ಸೆನ್ಸರ್ ಮೇಲೆ ಹೆಚ್ಚೆಂದರೆ 166 ಗ್ರಾಂ.

ಈ ಸಂಖ್ಯೆ ಎಲ್ಲಿಂದ ಬಂತು? ಎಂಜಿನ್ ಒಡೆಯುವುದು ಎಚ್‌ಪಿಯಿಂದಲ್ಲ, ಸಿಲಿಂಡರ್ ಒತ್ತಡದಿಂದ. ಒತ್ತಡದ ಲೆಕ್ಕ ಟಾರ್ಕ್‌ನಲ್ಲಿದೆ. 1.8 ಲೀಟರಿನಿಂದ 250 ಎನ್‌ಎಂ ಬಂದರೆ ಸರಾಸರಿ ಪರಿಣಾಮಕಾರಿ ಒತ್ತಡ 17.5 ಬಾರ್. 290ಕ್ಕೆ ಅದು 20.3 ಬಾರ್, ಅಂದರೆ ಶೇ 16 ಏರಿಕೆ. ರಾಡ್, ಹೆಡ್ ಗ್ಯಾಸ್ಕೆಟ್ ಇಷ್ಟನ್ನು ತಾಳಿಕೊಳ್ಳುತ್ತವೆ, ನಾಕಿಂಗ್ (ಸಿಲಿಂಡರಿನೊಳಗೆ ಮಿಶ್ರಣ ತಾನಾಗಿ ಹೊತ್ತಿ ಸಿಡಿಯುವುದು) ಇಲ್ಲದಿದ್ದರೆ ಮಾತ್ರ. ಸರಾಸರಿ ಒತ್ತಡ ರಾಡನ್ನು ನಿಧಾನಕ್ಕೆ ದಣಿಸುತ್ತದೆ. ನಾಕ್ ಆದಾಗ ಏಳುವ ಒತ್ತಡದ ಮೊನೆ ಮಾತ್ರ ಪಿಸ್ಟನ್ನಿನ ಮೊದಲ ಮತ್ತು ಎರಡನೇ ರಿಂಗ್ ನಡುವಿನ ದಂಡೆಯನ್ನು ಒಂದೇ ಮಧ್ಯಾಹ್ನದಲ್ಲಿ ಸೀಳಿಬಿಡುತ್ತದೆ. ಗೇರ್‌ಬಾಕ್ಸ್ ಕಡೆಯಿಂದ ಇನ್ನೊಂದು ಗೋಡೆ ಇದೆ: ಐದು ಗೇರಿನ 722.6 ಆಟೊಮ್ಯಾಟಿಕ್‌ನ ಚಿಕ್ಕ ಮಾದರಿಗೆ ಕಂಪನಿಯೇ ಹೇಳಿದ ಟಾರ್ಕ್ ಮಿತಿ 330 ಎನ್‌ಎಂ. 290ಕ್ಕೆ ನಿಂತರೆ ಅದಕ್ಕೂ ಉಸಿರಾಡಲು ಜಾಗ ಇರುತ್ತದೆ.

ಆರ್‌ಪಿಎಂ ಮಿತಿ ಏರಿಸುವ ಆಸೆ ಬೇಡ. ರಾಡನ್ನು ಎಳೆದು ತುಂಡು ಮಾಡುವ ಬಲ ವೇಗದ ವರ್ಗದಷ್ಟು ಬೆಳೆಯುತ್ತದೆ. 6000ವನ್ನು 6600 ಮಾಡಿದರೆ ವೇಗ ಹೆಚ್ಚಿದ್ದು ಶೇ 10, ಎಳೆತ ಹೆಚ್ಚಿದ್ದು ಶೇ 21. ಮೇಲಿನ ಆ 600 ಸುತ್ತಿನಲ್ಲಿ ರೂಟ್ಸ್ ಮಾದರಿಯ ಬ್ಲೋವರ್ ಬಿಸಿಗಾಳಿ ಬಿಟ್ಟು ಬೇರೇನೂ ಕೊಡುವುದೂ ಇಲ್ಲ.

ಪುಲ್ಲಿ ತರಿಸುವ ಮುಂಚೆ ನೋಡಬೇಕಾದ್ದು ಟೈಮಿಂಗ್ ಚೈನ್. ಈ ಎಂಜಿನ್ನಿನ ಪ್ರಸಿದ್ಧ ಕಾಯಿಲೆ ಅದೇ. ಒಂದೇ ಸಾಲಿನ ಚೈನ್ ಉದ್ದವಾಗುತ್ತದೆ, ವಾಲ್ವ್ ತೆರೆಯುವ ಸಮಯ ಹೊಂದಿಸುವ ಕ್ಯಾಮ್ ಅಡ್ಜಸ್ಟರ್ ಗೇರಿನ ಹಲ್ಲು ಸವೆಯುತ್ತದೆ. ಬೆಳಿಗ್ಗೆ ಮೊದಲ ಸಲ ಚಾಲೂ ಮಾಡಿದಾಗ ಎರಡು ಸೆಕೆಂಡ್ ಗರಗರ ಸದ್ದು ಬಂದರೆ ವಾಲ್ವ್ ಕವರ್ ತೆಗೆದು ಹಲ್ಲು ನೋಡಿ. ಮೊನೆ ಚೂಪಾಗಿದ್ದರೆ ಚೈನ್, ಎರಡೂ ಅಡ್ಜಸ್ಟರ್, ಟೆನ್ಷನರ್ ಒಟ್ಟಿಗೆ ಬದಲಾಯಿಸಿ. ಹಳೇ ಗೇರಿಗೆ ಹೊಸ ಚೈನ್ ಹಾಕಿದರೆ ಚೈನಿನ ದುಡ್ಡೂ ಹೋಯಿತು. ಎರಡನೆಯದು ಇಂಟೇಕ್ ಮ್ಯಾನಿಫೋಲ್ಡ್ ಅಡಿಯ, ಎಂಜಿನ್ನಿನೊಳಗಿನ ಹಬೆ ಸಾಗಿಸುವ ಬ್ರೀದರ್ ಹೋಸ್‌ಗಳು. ಶಾಖಕ್ಕೆ ಗರಿಗರಿಯಾಗಿ ಬಿರಿಯುತ್ತವೆ. ಆಗ ಅಳತೆಗೆ ಸಿಗದ ಗಾಳಿ ಒಳಗೆ ಹೋಗುತ್ತದೆ, ಜೊತೆಗೆ ಆಯಿಲ್ ಹಬೆಯೂ. ಆಯಿಲ್ ಹಬೆ ಸೇರಿದ ಪೆಟ್ರೋಲಿನ ಆಕ್ಟೇನ್ ಇಳಿಯುತ್ತದೆ. ನಾಕಿಂಗ್ ಯಾಕೆ ಬರುತ್ತಿದೆ ಎಂದು ಮ್ಯಾಪ್‌ನಲ್ಲಿ (ಎಂಜಿನ್ ಕಂಪ್ಯೂಟರಿನೊಳಗಿನ ಇಂಧನ, ಟೈಮಿಂಗ್ ಕೋಷ್ಟಕಗಳಲ್ಲಿ) ತಡಕಾಡುವವರು ಎಷ್ಟೋ ಸಲ ಹುಡುಕಬೇಕಾದ್ದು ಈ ರಬ್ಬರ್ ತುಂಡನ್ನು. ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ಅಳೆಯುವ ಲೀಕ್‌ಡೌನ್ ಟೆಸ್ಟ್‌ನಲ್ಲಿ ಯಾವುದೇ ಸಿಲಿಂಡರ್ ಶೇ 15ಕ್ಕಿಂತ ಹೆಚ್ಚು ಸೋರಿದರೆ ನಾನು ಅಲ್ಲಿಗೇ ಕೈಬಿಡುತ್ತೇನೆ.

ಬ್ಲೋವರಿನ ಮೂತಿಯಲ್ಲಿ ಗೇರುಗಳಿಗೆಂದು ಪ್ರತ್ಯೇಕ ಆಯಿಲ್ ಇದೆ, ಟೀ ಲೋಟದ ಅಳತೆ. ಕಂಪನಿ ಅದನ್ನು ಬದಲಾಯಿಸಲು ಹೇಳುವುದಿಲ್ಲ, ನಾನು ಬದಲಾಯಿಸುತ್ತೇನೆ. ಸಿರಿಂಜ್‌ನಿಂದ ಎಳೆದರೆ ಹದಿನೈದು ವರ್ಷದ ಗಾಡಿಯಲ್ಲಿ ಕಪ್ಪಗೆ, ಸುಟ್ಟ ವಾಸನೆಯದ್ದು ಬರುತ್ತದೆ. ಎಷ್ಟು ಮಿಲಿ ಹೊರಬಂತು, ಎಷ್ಟು ಒಳಹೋಯಿತು ಬರೆದಿಟ್ಟುಕೊಳ್ಳಿ. ಹೆಚ್ಚು ತುಂಬಿದರೂ ಸೀಲ್ ಹೊರಟುಹೋಗುತ್ತದೆ.

ಈಗ ಪುಲ್ಲಿ. ಬ್ಲೋವರ್ ಪುಲ್ಲಿಯ ವ್ಯಾಸ ಶೇ 10 ಕಡಿಮೆಯಾದರೆ ಅದರ ವೇಗ ಶೇ 11 ಹೆಚ್ಚುತ್ತದೆ. ಗಾಳಿ ಮಾತ್ರ ಅಷ್ಟು ಹೆಚ್ಚುವುದಿಲ್ಲ, ಎಂಟೊಂಬತ್ತಕ್ಕೆ ನಿಲ್ಲುತ್ತದೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ಸೆನ್ಸರ್‌ನಲ್ಲಿ 145 ಇದ್ದದ್ದು 158ರ ಸುತ್ತ ಬರುತ್ತದೆ, ಸಮುದ್ರಮಟ್ಟದ ಲೆಕ್ಕದಲ್ಲಿ 200 ಎಚ್‌ಪಿ. ನನ್ನ ಮಿತಿಗೆ ಇನ್ನೂ ಹತ್ತು ಬಾಕಿ, ಅದನ್ನು ಹಾಗೇ ಬಾಕಿ ಇಡುತ್ತೇನೆ. ಡಿಸೆಂಬರ್ ಬೆಳಗಿನ ತಣ್ಣನೆ ಗಾಳಿ ಆ ಹತ್ತನ್ನು ತಾನೇ ತಿಂದುಕೊಳ್ಳುತ್ತದೆ.

ಹಳೇ ಪುಲ್ಲಿಯನ್ನೇ ಲೇತ್‌ಗೆ ಕೊಟ್ಟು ಸಣ್ಣ ಮಾಡಿಸುವ ಯೋಚನೆ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶ ಪಕ್ಕದಲ್ಲೇ ಇರುವ ನಮಗೆ ಬಂದೇ ಬರುತ್ತದೆ. ಸಣ್ಣ ಮಾಡಿದರೆ ಬೆಲ್ಟ್ ಕೂರುವ ತೋಡಿನ ಆಳಕ್ಕೆ ಲೋಹ ಉಳಿಯುವುದಿಲ್ಲ. ಹೊಸದಾಗಿ ಗಟ್ಟಿ ಅಲ್ಯೂಮಿನಿಯಂ ರಾಡ್‌ನಿಂದ ಮಾಡಿಸುವುದಾದರೆ ಸರಿ. ಪಿಕೆ ಬೆಲ್ಟಿನ (ಉದ್ದಕ್ಕೂ ಹಲವು ಏಣುಗಳಿರುವ ಬೆಲ್ಟ್) ತೋಡಿನಿಂದ ತೋಡಿಗೆ ಅಂತರ 3.56 ಮಿಮೀ, ಕೋನ 40 ಡಿಗ್ರಿ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಡಿ, ಹಳೇ ಬೆಲ್ಟ್ ತುಂಡೊಂದನ್ನೂ ಕೊಡಿ. ತಿರುಗುವಾಗಿನ ಓಲಾಟ (ರನ್‌ಔಟ್) 0.05 ಮಿಮೀ ಒಳಗಿರಬೇಕು. ಹಳೇ ಪುಲ್ಲಿಯನ್ನು ಸುತ್ತಿಗೆಯಿಂದ ಹೊಡೆದು ತೆಗೆಯಬೇಡಿ, ಪುಲ್ಲರ್ ಹಚ್ಚಿ. ಹೊಡೆದರೆ ಮೂತಿಯ ಬೇರಿಂಗ್ ಹಾಳು. ಕ್ರ್ಯಾಂಕ್ ಪುಲ್ಲಿಯ ತಂಟೆಗೆ ಹೋಗಬೇಡಿ, ಅದರೊಳಗಿನ ರಬ್ಬರ್ ಕ್ರ್ಯಾಂಕಿನ ಕಂಪನ ಹೀರುತ್ತದೆ. ಬೆಲ್ಟ್ ಜಾರುತ್ತಿದ್ದರೆ ಪುಲ್ಲಿ ಸುತ್ತ ಕಪ್ಪು ಪುಡಿ ಕಾಣುತ್ತದೆ, 5000 ದಾಟಿದ ಮೇಲೆ ಬೂಸ್ಟ್ (ಬ್ಲೋವರ್ ಕೊಡುವ ಹೆಚ್ಚಿನ ಗಾಳಿಯೊತ್ತಡ) ಕುಸಿಯುತ್ತದೆ.

ಪುಲ್ಲಿ ಒಂದನ್ನೇ ಹಾಕಿ ಮ್ಯಾಪ್ ಮುಟ್ಟದೆ ಬಿಟ್ಟರೆ ಏನೂ ಸಿಗುವುದಿಲ್ಲ. ತನ್ನ ಗುರಿಗಿಂತ ಬೂಸ್ಟ್ ಹೆಚ್ಚಾದದ್ದು ಕಂಡರೆ ಕಂಪ್ಯೂಟರ್ ಬೈಪಾಸ್ ಕವಾಟ ತೆರೆದು ಹೆಚ್ಚಿನ ಗಾಳಿಯನ್ನು ವಾಪಸು ಬಿಡುತ್ತದೆ. ಬೆಲ್ಟ್ ಸವೆತ, ಶಾಖ ಎರಡು ಮಾತ್ರ ನಿಮಗೆ ಉಳಿಯುತ್ತವೆ.

ನಮ್ಮ ಬಯಲುಸೀಮೆಯಲ್ಲಿ ನಿಜವಾದ ಗೋಡೆ ಶಾಖವೇ. ಹೊರಗೆ 35 ಡಿಗ್ರಿ, ಬೂಸ್ಟ್ 0.6 ಬಾರ್ ಅಂದುಕೊಳ್ಳಿ. ಇಲ್ಲಿನ ತೆಳು ಗಾಳಿಯಲ್ಲಿ ಒತ್ತಡದ ಅನುಪಾತ 1.64 ಆಗುತ್ತದೆ. ಬ್ಲೋವರಿನ ದಕ್ಷತೆ ಶೇ 58 ಹಿಡಿದರೆ ಹೊರಬರುವ ಗಾಳಿ 116 ಡಿಗ್ರಿ. ಅದೇ 0.75 ಬಾರ್ ಮಾಡಿ, ದಕ್ಷತೆ 55ಕ್ಕೆ ಇಳಿಯಿತು ಅನ್ನಿ, 137 ಡಿಗ್ರಿ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಶೇ 70 ಕೆಲಸ ಮಾಡಿದರೆ ಇದನ್ನು 59 ಮತ್ತು 66ಕ್ಕೆ ಇಳಿಸುತ್ತದೆ. ಇದು ಗಾಡಿ ಓಡುತ್ತಿರುವಾಗಿನ ಮಾತು. ಏಪ್ರಿಲ್ ಮಧ್ಯಾಹ್ನ ಉಣಕಲ್ ಹತ್ತಿರ ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ನಿಂತು ಆಮೇಲೆ ಒತ್ತಿದರೆ 80 ಕಾಣುವುದು ಕಷ್ಟವಲ್ಲ. ಅದಕ್ಕೆ ಇಂಟೇಕ್ 55 ಡಿಗ್ರಿ ದಾಟಿದ ಮೇಲೆ ಪ್ರತಿ ಹತ್ತು ಡಿಗ್ರಿಗೆ ಪ್ಲಗ್ ಕಿಡಿಯ ಟೈಮಿಂಗ್ ಎರಡು ಡಿಗ್ರಿ ಹಿಂದೆ ಸರಿಯುವಂತೆ ಮ್ಯಾಪ್‌ನಲ್ಲಿ ಇಡುತ್ತೇನೆ. ಇಂಟರ್‌ಕೂಲರ್ ಮತ್ತು ರೇಡಿಯೇಟರ್ ನಡುವೆ ಸಿಕ್ಕಿಕೊಂಡ ಹತ್ತಿ ಎಳೆ, ಜೋಳದ ಹೊಟ್ಟು, ಸತ್ತ ಹುಳ ತೆಗೆಯುವುದು ಬಿಟ್ಟಿ ಕೆಲಸ. ಗದಗ ರಸ್ತೆಯಲ್ಲಿ ಸುಗ್ಗಿ ಕಾಲದಲ್ಲಿ ಓಡಾಡಿದ ಗಾಡಿಗಳಲ್ಲಿ ಅರ್ಧ ಇಂಟರ್‌ಕೂಲರ್ ಮುಚ್ಚಿರುತ್ತದೆ. ಕಡಿಮೆ ಒತ್ತಡದ ನೀರು, ಒಳಗಿನಿಂದ ಹೊರಕ್ಕೆ.

ಪೆಟ್ರೋಲಿನ ಲೆಕ್ಕ ಇ20 (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಬದಲಾಗಿದೆ. ಶುದ್ಧ ಪೆಟ್ರೋಲಿಗೆ ಗಾಳಿ-ಇಂಧನ ಅನುಪಾತ 14.7, ಇ20ಗೆ 13.5. 14.7ಕ್ಕೆ ಹೊಂದಿಸಿದ ಹಳೇ ಮೀಟರ್ 12.5 ತೋರಿಸಿದರೆ ಅದು ಇ20ಯ ನಿಜವಾದ ಅನುಪಾತ ಅಲ್ಲ. ಲ್ಯಾಮ್ಡಾದಲ್ಲೇ ಓದಿ: ಯಾವ ಇಂಧನವಾದರೂ ಸರಿಯಾದ ಅನುಪಾತಕ್ಕೆ ಅದು 1, ಪೆಟ್ರೋಲ್ ಹೆಚ್ಚಾದಷ್ಟೂ ಕಡಿಮೆ. ಪೂರ್ತಿ ಒತ್ತಿದಾಗ 0.82ರಿಂದ 0.84 ಇರಲಿ, ಬೂಸ್ಟ್‌ನಲ್ಲಿ 0.88 ದಾಟಿದರೆ ತಕ್ಷಣ ಕಾಲು ತೆಗೆಯಬೇಕು. 210 ಎಚ್‌ಪಿಗೆ ಪೆಟ್ರೋಲ್ ಸಿಂಪಡಿಸುವ ಪ್ರತಿ ಇಂಜೆಕ್ಟರ್ ನಿಮಿಷಕ್ಕೆ ಸುಮಾರು 290 ಸಿಸಿ ಸುರಿಯಬೇಕು, ಇ20 ಆದರೆ 313. 6000 ಆರ್‌ಪಿಎಂನಲ್ಲಿ ಎಂಜಿನ್ನಿನ ಒಂದು ಪೂರ್ತಿ ಚಕ್ರ, ಅಂದರೆ ಕ್ರ್ಯಾಂಕಿನ ಎರಡು ಸುತ್ತು, ಮುಗಿಯಲು 20 ಮಿಲಿಸೆಕೆಂಡ್. ಇಂಜೆಕ್ಟರ್ 17ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು. ಹಾಗಾದರೆ ಬೆಂಚ್ ಮೇಲೆ ಇಂಜೆಕ್ಟರ್ 370 ಸಿಸಿ ಹರಿಯಬೇಕು. ಹರಿಯದಿದ್ದರೆ ನಿಮ್ಮ ಎಂಜಿನ್ನಿನ ಮಿತಿ ಪಿಸ್ಟನ್ ಅಲ್ಲ, ಇಂಜೆಕ್ಟರ್. ನಾಲ್ಕರ ನಡುವೆ ವ್ಯತ್ಯಾಸ ಶೇ 3ರೊಳಗೆ ಇರಬೇಕು; ಒಂದು ಕಡಿಮೆ ಸುರಿದರೆ ಲ್ಯಾಮ್ಡಾ ಮೀಟರ್ ಸರಾಸರಿ ತೋರಿಸಿ ಸುಮ್ಮನಿರುತ್ತದೆ, ಆ ಒಂದು ಸಿಲಿಂಡರ್ ಸುಡುತ್ತದೆ.

ಈ ಎಂಜಿನ್ ಕೇಳುವುದು 95 ಆಕ್ಟೇನ್. ಮ್ಯಾಪ್ ಮಾಡುವಾಗ ಮಾತ್ರ ಟ್ಯಾಂಕಿನಲ್ಲಿ ಮಾಮೂಲಿ ಪೆಟ್ರೋಲ್ ಇರಲಿ. ದುಬಾರಿ ಪೆಟ್ರೋಲ್ ಮೇಲೆ ಮಾಡಿದ ಟ್ಯೂನ್ ಹಾವೇರಿ ದಾಟಿ ರಾತ್ರಿ ಯಾವುದೋ ಬಂಕಿನಲ್ಲಿ ತುಂಬಿಸಿದ ದಿನ ಕೈಕೊಡುತ್ತದೆ. ಪ್ಲಗ್ ಒಂದು ಹೆಜ್ಜೆ ತಣ್ಣನೆಯದು, ಅಂದರೆ ಶಾಖವನ್ನು ಬೇಗ ಬಿಟ್ಟುಕೊಡುವಂಥದ್ದು, ಗ್ಯಾಪ್ 0.7 ಮಿಮೀ.

ಮ್ಯಾಪ್‌ನಲ್ಲಿ ಎಚ್ಚರ ಬೇಕಾದ ಜಾಗ ಮೇಲಲ್ಲ, ಕೆಳಗೆ. ಸೂಪರ್‌ಚಾರ್ಜರ್ 2500ಕ್ಕೇ ಬೂಸ್ಟ್ ಕೊಟ್ಟುಬಿಡುತ್ತದೆ. ಆಗ ಪಿಸ್ಟನ್ ನಿಧಾನ, ಮಿಶ್ರಣಕ್ಕೆ ತಾನಾಗಿ ಹೊತ್ತಿಕೊಳ್ಳಲು ಬೇಕಾದಷ್ಟು ಸಮಯ. ಅದಕ್ಕೆ 3000ದವರೆಗೆ 270 ಎನ್‌ಎಂಗೆ ಕಟ್ಟಿಹಾಕಿ, ಅಲ್ಲಿಂದ 4500ರ ನಡುವೆ ಮಾತ್ರ 290 ಬಿಡುತ್ತೇನೆ, 5500ಕ್ಕೆ ಮತ್ತೆ 270ಕ್ಕೆ ಇಳಿಸುತ್ತೇನೆ. 5500ರಲ್ಲಿ 270 ಅಂದರೆ 211 ಎಚ್‌ಪಿ, ಲೆಕ್ಕ ಕೂಡಿತು.

ಪರೀಕ್ಷೆ ಎರಡನೇ ಗೇರಿನಲ್ಲಿ, ಬೇರೆ ಗಾಡಿ ಓಡಾಡದ ಖಾಲಿ ಜಾಗದಲ್ಲಿ. 6000 ಮುಟ್ಟಿದರೂ ವೇಗ 100ರ ಒಳಗೇ ಇರುತ್ತದೆ. ಬೈಪಾಸ್ ಮೇಲೆ ಮೂರನೇ ಗೇರಿನಲ್ಲಿ ಎಳೆದು ತೋರಿಸುವುದು ಶುದ್ಧ ಹುಚ್ಚು. ಲಾಗ್‌ನಲ್ಲಿ ನಾಲ್ಕೂ ಸಿಲಿಂಡರಿನ ನಾಕ್ ರಿಟಾರ್ಡ್ (ನಾಕ್ ಕೇಳಿ ಕಂಪ್ಯೂಟರ್ ತಾನೇ ಟೈಮಿಂಗ್ ಹಿಂದೆ ಸರಿಸಿದ ಡಿಗ್ರಿ) ಬೇರೆಬೇರೆ ನೋಡಿ. ಒಂದರಲ್ಲಿ ಎಂದಾದರೊಮ್ಮೆ ಮೂರು ಡಿಗ್ರಿ ಬಂದರೆ ಒಪ್ಪುತ್ತೇನೆ. ಒಂದೇ ಸಿಲಿಂಡರ್ ಪ್ರತಿ ಸಲ ತೋರಿಸಿದರೆ ಪ್ಲಗ್ ಅಥವಾ ಇಂಜೆಕ್ಟರ್ ನೋಡಿ. ನಾಲ್ಕೂ ಒಟ್ಟಿಗೆ ತೋರಿಸಿದರೆ ಪೆಟ್ರೋಲ್ ಅಥವಾ ಶಾಖ, ಟೈಮಿಂಗ್ ಎರಡು ಡಿಗ್ರಿ ಹಿಂದೆ. ಎರಡನೇ ಗೇರಿನ ಎಂಟು ಸೆಕೆಂಡ್ ಓಟದಲ್ಲಿ ಇಂಟರ್‌ಕೂಲರ್ ಬಿಸಿಯಾಗುವುದೇ ಇಲ್ಲ, ಹಾಗಾಗಿ ಅಷ್ಟಕ್ಕೇ ಸಮಾಧಾನ ಪಡಬಾರದು. ಕೊನೆಯ ಪರೀಕ್ಷೆ ಅರಬೈಲ್ ಘಟ್ಟ, ಕೆಳಗಿನಿಂದ ಮೇಲಕ್ಕೆ, ಎಸಿ ಹಾಕಿ, ನಾಲ್ಕು ಜನ ಕೂತು, ಲಾರಿ ಹಿಂದೆ ನಿಂತು ನಿಂತು. ಬುಡದಲ್ಲಿ ಗಾಳಿ ದಟ್ಟ, ಗಾಡಿ ಬಿಸಿ, ಆರ್‌ಪಿಎಂ ಕಡಿಮೆ: ಕೆಟ್ಟ ಪರಿಸ್ಥಿತಿಗಳೆಲ್ಲ ಒಂದೇ ಕಡೆ. ಅಲ್ಲಿ ರಿಟಾರ್ಡ್ ಮೂರು ಡಿಗ್ರಿಯೊಳಗೆ ಉಳಿದರೆ ಮ್ಯಾಪ್ ಪಾಸ್.

ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ, ಇನ್ಶೂರೆನ್ಸ್‌ನವರೂ ಕೇಳುತ್ತಾರೆ. ಇದನ್ನು ಗಾಡಿ ಮಾಲೀಕರಿಗೆ ಮೊದಲೇ ಹೇಳಿಬಿಡುತ್ತೇನೆ.

ಸಾವಿರ ಕಿಲೋಮೀಟರ್ ಆದ ಮೇಲೆ ಪ್ಲಗ್ ಬಿಚ್ಚಿ. ಬಿಳಿ ಪಿಂಗಾಣಿ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂಥ ಕಪ್ಪು ಚುಕ್ಕೆ ಕಂಡರೆ ಸಣ್ಣ ನಾಕಿಂಗ್ ನಡೆದಿದೆ. ಹೊಳೆಯುವ ಬೆಳ್ಳಿ ಚುಕ್ಕೆ ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಹಳೇ ಪುಲ್ಲಿ ವಾಪಸು ಹಾಕಿ, ಲೀಕ್‌ಡೌನ್ ಮತ್ತೆ ಮಾಡಿ. ಹಳೇ ಪುಲ್ಲಿ, ಹಳೇ ಬೆಲ್ಟ್, ಮೂಲ ಮ್ಯಾಪಿನ ಫೈಲ್ ಮೂರನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿಡಿ.