ಸೂಸಾ ಮತ್ತು ಕಿಸೋನೆ ಕಣಿವೆಗಳಲ್ಲಿ ಗ್ರಾವೆಲ್ ಬೈಕ್ ಸವಾರಿ: ದಾರಿ ಗೊತ್ತುಮಾಡಿಕೊಳ್ಳುವ ಬಗೆ

ಇಟಲಿಯ ತುರಿನ್ ನಗರದಿಂದ ಪಶ್ಚಿಮಕ್ಕೆ ಹೊರಟರೆ ಫ್ರಾನ್ಸ್ ಗಡಿಯ ಕಡೆಗೆ ಎರಡು ಕಣಿವೆಗಳು ಹೆಚ್ಚುಕಡಿಮೆ ಅಕ್ಕಪಕ್ಕದಲ್ಲೇ ಸಾಗುತ್ತವೆ. ಉತ್ತರದ್ದು ಸೂಸಾ, ದಕ್ಷಿಣದ್ದು ಕಿಸೋನೆ. ಇವೆರಡನ್ನೂ ಬೇರ್ಪಡಿಸುವ ಬೆಟ್ಟಸಾಲಿನ ನೆತ್ತಿಯ ಮೇಲೆ ಸೈನ್ಯದ ಬಳಕೆಗಾಗಿ ಮಾಡಿದ ಒಂದು ಮಣ್ಣು–ಜಲ್ಲಿಯ ರಸ್ತೆಯಿದೆ. ಅದಕ್ಕೆ ಅಸ್ಸಿಯೆತ್ತಾ ರಸ್ತೆ ಎಂದು ಹೆಸರು. ಸೂಸಾ ಪಟ್ಟಣದ ಕಡೆಯಿಂದ ಅದೇ ಸಾಲನ್ನು ಹತ್ತಿ ಆಚೆಗಿಳಿಯುವ ಇನ್ನೊಂದು ದಾರಿ ಕೊಲ್ಲೆ ದೆಲ್ಲೆ ಫಿನೆಸ್ತ್ರೆ. ಆಲ್ಪ್ಸ್‌ನಲ್ಲಿ ಗ್ರಾವೆಲ್ ಬೈಕ್ (ಜಲ್ಲಿ ದಾರಿಗೆ ಹೊಂದುವ ಅಗಲ ಟೈರಿನ ಸೈಕಲ್) ಓಡಿಸಬೇಕೆಂದಿರುವವರು ಮೊದಲು ನೋಡಬೇಕಾದ ಜಾಗ ಇದು ಎಂಬುದು ನನ್ನ ಅಭಿಪ್ರಾಯ. ಆದರೆ ಇಲ್ಲಿ ದಾರಿಯನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಿದವರಿಗೆ ದಿನ ಕೈಕೊಡುತ್ತದೆ. ಎಷ್ಟು ಮೀಟರ್ ಏರಬೇಕು, ಎಷ್ಟು ಗಂಟೆ ಬೇಕು ಎಂಬುದರಿಂದಲೇ ಲೆಕ್ಕ ಶುರುವಾಗಬೇಕು.

ಫಿನೆಸ್ತ್ರೆಯನ್ನೇ ತೆಗೆದುಕೊಳ್ಳೋಣ. ಸೂಸಾ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿದ್ದರೆ, ಘಟ್ಟದ ತುದಿ 2,170 ಮೀಟರಿಗಿಂತಲೂ ಮೇಲಿದೆ. ನಡುವಿನ ದೂರ ಕೇವಲ 18.5 ಕಿಲೋಮೀಟರ್. ಅಂದರೆ ಶೇಕಡಾ 9ರಷ್ಟು ಸರಾಸರಿ ಏರು, ಅದೂ ಉಸಿರು ತೆಗೆದುಕೊಳ್ಳಲು ಎಲ್ಲಿಯೂ ಹೇಳಿಕೊಳ್ಳುವಂಥ ಸಮತಟ್ಟು ಸಿಗದ ಏರು. ಮೆಯಾನಾ ಊರು ದಾಟಿದ ಮೇಲೆ ಕಾಡಿನೊಳಗೆ ಡಾಂಬರು ರಸ್ತೆ ಒಂದರ ಮೇಲೊಂದು ಹೇರ್‌ಪಿನ್ ತಿರುವುಗಳಾಗಿ ಮಡಚಿಕೊಳ್ಳುತ್ತದೆ. ಕೊನೆಯ ಸುಮಾರು 8 ಕಿಲೋಮೀಟರ್ ಪೂರ್ತಿ ಜಲ್ಲಿ. ನಂದಿಬೆಟ್ಟದ ಏರಿನಲ್ಲಿ ಪಳಗಿದ ಬೆಂಗಳೂರಿನ ಸವಾರರು ಇಲ್ಲಿ ಒಂದು ವಿಷಯ ಗಮನಿಸಬೇಕು: ನಂದಿಯ ಏರು 8 ಕಿಲೋಮೀಟರಿನೊಳಗೆ ಮುಗಿಯುತ್ತದೆ, ಇಲ್ಲಿ ಅದಕ್ಕಿಂತ ಹೆಚ್ಚು ದೂರವನ್ನು ಇನ್ನಷ್ಟು ಕಡಿದಾದ ರಸ್ತೆಯಲ್ಲಿ ಹತ್ತಿದ ಮೇಲೆ, ಕಾಲು ದಣಿದಿರುವಾಗ ಜಲ್ಲಿ ಎದುರಾಗುತ್ತದೆ.

ಈ ಘಟ್ಟವನ್ನು ಹೆಚ್ಚಿನವರು ಬಲ್ಲದ್ದು ಇಟಲಿಯ ಸೈಕಲ್ ಸ್ಪರ್ಧೆಯಾದ ಜಿರೋ ದಿತಾಲಿಯಾದಿಂದ. 2005ರಲ್ಲಿ ಮೊದಲ ಬಾರಿಗೆ ಸ್ಪರ್ಧೆ ಈ ದಾರಿಯಲ್ಲಿ ಹಾದುಹೋಯಿತು. 2018ರಲ್ಲಿ ಕ್ರಿಸ್ ಫ್ರೂಮ್ ಇಲ್ಲಿಂದಲೇ ಎಲ್ಲರನ್ನೂ ಹಿಂದಿಕ್ಕಿ ಸುಮಾರು 80 ಕಿಲೋಮೀಟರ್ ಒಬ್ಬರೇ ಸಾಗಿ ಸ್ಪರ್ಧೆಯ ಗತಿಯನ್ನೇ ಬದಲಿಸಿದರು. ಅಂದು ಸ್ಪರ್ಧೆಯಲ್ಲಿ ಒಟ್ಟಾರೆ ಮುಂದಿರುವವರ ಗುಲಾಬಿ ಅಂಗಿ ತೊಟ್ಟಿದ್ದ ಸೈಮನ್ ಯೇಟ್ಸ್ ಇದೇ ಏರಿನಲ್ಲಿ ಕುಸಿದರು. 2025ರಲ್ಲಿ ಅದೇ ಯೇಟ್ಸ್ ಇದೇ ಏರಿನಲ್ಲಿ ಮುನ್ನುಗ್ಗಿ ಆ ಅಂಗಿಯನ್ನು ಗೆದ್ದುಕೊಂಡರು. ಟಿ.ವಿ.ಯಲ್ಲಿ ಇದನ್ನು ನೋಡಿದವರು ರೋಡ್ ಬೈಕಿನ ತೆಳು ಟೈರೇ ಸಾಕೆಂದು ತೀರ್ಮಾನಿಸುವುದುಂಟು. ಸ್ಪರ್ಧೆಗೆ ಮೊದಲು ರಸ್ತೆಯನ್ನು ಹದಗೊಳಿಸಿರುತ್ತಾರೆ, ಆಗಸ್ಟ್ ಹೊತ್ತಿಗೆ ಅದು ಹಾಗೆ ಉಳಿದಿರುವುದಿಲ್ಲ ಎಂಬುದನ್ನು ಮರೆಯಬಾರದು.

ಆದ್ದರಿಂದ ಟೈರು 40ರಿಂದ 45 ಮಿಲಿಮೀಟರ್ ಅಗಲದ್ದಿರಲಿ, ಟ್ಯೂಬ್‌ಲೆಸ್ ಆಗಿರಲಿ. 75 ಕಿಲೋ ತೂಕದ ಸವಾರನಿಗೆ 30ರಿಂದ 35 ಪಿಎಸ್‌ಐ ಗಾಳಿ ಸಾಕು. ಟೈರಿಗಿಂತ ಮುಖ್ಯವಾದದ್ದು ಗೇರು. ಮುಂದಿನ ಚೈನ್‌ರಿಂಗಿಗೂ (ಪೆಡಲಿನ ಬಳಿಯ ಹಲ್ಲುಚಕ್ರ) ಹಿಂದಿನ ದೊಡ್ಡ ಹಲ್ಲುಚಕ್ರಕ್ಕೂ ಸಮಾನ ಹಲ್ಲುಗಳಿದ್ದರೆ, ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿದಾಗ ಸೈಕಲ್ ಗಂಟೆಗೆ 8 ಕಿಲೋಮೀಟರ್ ಹೋಗುತ್ತದೆ. ಸವಾರ, ಸೈಕಲ್ ಸೇರಿ 82 ಕಿಲೋ ಇದ್ದರೆ, ಶೇಕಡಾ 9ರ ಜಲ್ಲಿಯ ಏರಿನಲ್ಲಿ ಅದಕ್ಕೆ 180 ವ್ಯಾಟ್ ಆಸುಪಾಸಿನ ಶಕ್ತಿ ಬೇಕು. ಎರಡೂವರೆ ಗಂಟೆ ಬಿಡದೆ ಅಷ್ಟು ಕೊಡುವುದು ಎಲ್ಲರಿಂದಾಗುವ ಕೆಲಸವಲ್ಲ. ಮುಂದೆ 30, ಹಿಂದೆ 40 ಹಲ್ಲು ಇಟ್ಟುಕೊಂಡರೆ ಅದೇ 60 ಸುತ್ತಿಗೆ ವೇಗ ಗಂಟೆಗೆ 6 ಕಿಲೋಮೀಟರಿಗೆ ಇಳಿಯುತ್ತದೆ, ಶಕ್ತಿಯ ಬೇಡಿಕೆ 135 ವ್ಯಾಟ್ ಸುತ್ತಮುತ್ತ ನಿಲ್ಲುತ್ತದೆ. ಇನ್ನೊಂದು ಕಾರಣವೂ ಇದೆ. ಜಲ್ಲಿಯಲ್ಲಿ ಸೀಟಿನಿಂದ ಎದ್ದು ನಿಂತು ತುಳಿದರೆ ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಅದು ಇದ್ದಲ್ಲೇ ತಿರುಗುತ್ತದೆ. ಕೂತೇ ಹತ್ತಬೇಕು, ಕೂತು ಹತ್ತಲು ಹಗುರ ಗೇರು ಇರಲೇಬೇಕು.

ತಿರುವುಗಳಲ್ಲಿ ಒಳಅಂಚನ್ನು ಹಿಡಿಯುವ ಆಸೆ ಬೇಡ. ಎಲ್ಲ ವಾಹನಗಳೂ ಅಲ್ಲೇ ಎಳೆದು ತಿರುಗಿರುವುದರಿಂದ ನೆಲ ಗುಳಿಬಿದ್ದಿರುತ್ತದೆ, ಏರೂ ಅಲ್ಲೇ ಹೆಚ್ಚು. ಹೊರಗಿನ ಗೆರೆಯಲ್ಲಿ ನಾಲ್ಕು ಮಾರು ದೂರ ಹೆಚ್ಚಾದರೂ ಚಕ್ರಕ್ಕೆ ಗಟ್ಟಿ ನೆಲ ಸಿಗುತ್ತದೆ. ನೇರ ಭಾಗದಲ್ಲಿ ಚಕ್ರಗಳು ಓಡಾಡಿ ಗಟ್ಟಿಯಾದ ಎರಡು ಜಾಡುಗಳೂ ಅವುಗಳ ನಡುವೆ ಸಡಿಲ ಕಲ್ಲಿನ ದಿಂಡೂ ಇರುತ್ತವೆ. ಒಂದು ಜಾಡಿನಿಂದ ಇನ್ನೊಂದಕ್ಕೆ ಹೋಗಬೇಕಾದಾಗ ಆ ದಿಂಡನ್ನು ಓರೆಯಾಗಿ ಸವರಿಕೊಂಡು ಹೋಗದೆ, ಮುಂದಿನ ಚಕ್ರವನ್ನು ತುಸು ನೇರವಾಗಿಸಿ ಒಂದೇ ಸಲಕ್ಕೆ ದಾಟಬೇಕು.

ಇನ್ನು ಅಸ್ಸಿಯೆತ್ತಾ ರಸ್ತೆ. ಕಿಸೋನೆ ಕಣಿವೆಯ ತಲೆಯಲ್ಲಿರುವ ಸೆಸ್ತ್ರಿಯೆರೆಯಿಂದ ಫಿನೆಸ್ತ್ರೆಯ ದಕ್ಷಿಣ ಮಗ್ಗುಲಿನ ಪಿಯಾನ್ ದೆಲ್ಲಾಲ್ಪೆಯವರೆಗೆ ಇದರ ಉದ್ದ ಸುಮಾರು 35 ಕಿಲೋಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಈ ರಸ್ತೆ ಹೆಚ್ಚುಕಡಿಮೆ ಉದ್ದಕ್ಕೂ 2,000 ಮೀಟರಿಗಿಂತ ಮೇಲೆಯೇ ಸಾಗಿ, ಅಸ್ಸಿಯೆತ್ತಾ ಶಿಖರದ ಬಳಿ 2,500 ಮೀಟರ್ ದಾಟುತ್ತದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗ ಮಾತ್ರ ಇರುವುದರಿಂದ, ಹಿಂದಿನ ರಾತ್ರಿ 2,035 ಮೀಟರ್ ಎತ್ತರದ ಸೆಸ್ತ್ರಿಯೆರೆಯಲ್ಲೇ ತಂಗುವುದು ಒಳ್ಳೆಯದು. ಸೈನ್ಯದ ಸಾಗಾಟಕ್ಕೆಂದು ಮಾಡಿದ ದಾರಿಯಾದ್ದರಿಂದ ಏರು ಫಿನೆಸ್ತ್ರೆಯಷ್ಟು ನಿಷ್ಠುರವಾಗಿಲ್ಲ. ಆದರೆ ಬಾಸ್ಸೆ, ಕೋಸ್ತಾ ಪಿಯಾನಾ, ಬ್ಲೆಜಿಯೆ, ಲೌಸೊನ್ ಎಂದು ಒಂದರ ಹಿಂದೊಂದು ಬರುವ ಕಣಿವೆಬಾಯಿಗಳಲ್ಲಿ (ಬೆಟ್ಟಸಾಲಿನ ನೆತ್ತಿಯ ತಗ್ಗುಗಳಲ್ಲಿ) ಇಳಿದು ಮತ್ತೆ ಏರುತ್ತಲೇ ಇರಬೇಕು. ನಕ್ಷೆಯಲ್ಲಿ ಸಮತಟ್ಟಾಗಿ ಕಾಣುವ ನೆತ್ತಿರಸ್ತೆ ಸಮಯ ತಿನ್ನುವುದು ಹೀಗೆ. ಬರಿಯ ಸವಾರಿಗೇ ನಾಲ್ಕು ಗಂಟೆಯನ್ನಾದರೂ ಇಟ್ಟುಕೊಳ್ಳಬೇಕು.

ಯಾವ ದಿಕ್ಕಿನಲ್ಲಿ ಹೋಗಬೇಕೆಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಸೂಸಾದಿಂದ ಫಿನೆಸ್ತ್ರೆ ಹತ್ತಿ, ಪಿಯಾನ್ ದೆಲ್ಲಾಲ್ಪೆಗೆ ಇಳಿದು, ಅದೇ ದಿನ ಅಸ್ಸಿಯೆತ್ತಾ ದಾರಿಯಲ್ಲಿ ಸೆಸ್ತ್ರಿಯೆರೆಗೆ ಹೋಗುವುದನ್ನು ಅನೇಕರು ಹೆಗ್ಗಳಿಕೆಯಾಗಿ ಹೇಳಿಕೊಳ್ಳುತ್ತಾರೆ. ಮೊದಲ ಸಲ ಬರುವವರಿಗೆ ನಾನು ಇದನ್ನು ಸೂಚಿಸುವುದಿಲ್ಲ, ಏಕೆಂದರೆ ಬೆಳಗ್ಗೆಯೇ 1,670 ಮೀಟರ್ ಏರಿ ದಣಿದ ಮೇಲೆ, ಗುಡುಗು–ಮಳೆ ಬರುವ ಮಧ್ಯಾಹ್ನದ ಹೊತ್ತಿಗೆ, ಯಾವ ಮರೆಯೂ ಇಲ್ಲದ ನೆತ್ತಿಯ ಮೇಲೆ ಇರಬೇಕಾಗುತ್ತದೆ. ಸವಾರಿಯನ್ನು ಎರಡು ದಿನಕ್ಕೆ ಹಂಚಿಕೊಳ್ಳಿ. ಮೊದಲ ದಿನ ತುರಿನ್‌ನಿಂದ ರೈಲಿನಲ್ಲಿ ಊಲ್ಕ್ಸ್‌ಗೆ ಬಂದು, ಚೆಸಾನಾ ಮೂಲಕ ಡಾಂಬರು ರಸ್ತೆಯಲ್ಲಿ ನಿಧಾನವಾಗಿ ಸೆಸ್ತ್ರಿಯೆರೆ ಹತ್ತಿರಿ. ಮರುದಿನ ಬೆಳಗ್ಗೆ ಏಳರೊಳಗೆ ಹೊರಟರೆ ಸೂರ್ಯ ಎದುರಿಗಿದ್ದರೂ ಆಕಾಶ ತಿಳಿಯಾಗಿರುವಾಗಲೇ ಎತ್ತರದ ಭಾಗ ಮುಗಿದಿರುತ್ತದೆ. ಫಿನೆಸ್ತ್ರೆಯನ್ನು ಸೂಸಾ ಕಡೆಯಿಂದಲೇ ಹತ್ತಬೇಕೆನ್ನುವ ಹಟವಿದ್ದರೆ ಅದಕ್ಕೆ ಬೇರೆಯೇ ಒಂದು ದಿನವನ್ನು ಕೊಡಬೇಕು.

ವಾರದ ದಿನವನ್ನೂ ನೋಡಿಕೊಂಡು ಹೋಗಬೇಕು. ಜುಲೈ ಮತ್ತು ಆಗಸ್ಟ್‌ನಲ್ಲಿ ಬುಧವಾರ ಹಾಗೂ ಶನಿವಾರ ಬೆಳಗ್ಗೆ 9ರಿಂದ ಸಂಜೆ 5ರವರೆಗೆ ಅಸ್ಸಿಯೆತ್ತಾ ರಸ್ತೆಯಲ್ಲಿ ಮೋಟಾರು ವಾಹನಗಳನ್ನು ಬಿಡುವುದಿಲ್ಲ. ಉಳಿದ ದಿನಗಳಲ್ಲಿ ಮೋಟಾರ್‌ಸೈಕಲ್ಲು, ಜೀಪುಗಳು ಸಾಲುಗಟ್ಟಿ ಬರುವುದರಿಂದ ಧೂಳು ಕುಡಿಯುವುದೇ ಆಗುತ್ತದೆ. ಈ ಆದೇಶವನ್ನು ವರ್ಷವರ್ಷವೂ ಹೊರಡಿಸುವುದರಿಂದ ತುರಿನ್ ಮಹಾನಗರಾಡಳಿತದ ಪ್ರಕಟಣೆಯನ್ನು ಹೊರಡುವ ಮೊದಲು ಓದಿಕೊಳ್ಳಬೇಕು. ಹಿಮದಿಂದಾಗಿ ಚಳಿಗಾಲದುದ್ದಕ್ಕೂ ಎರಡೂ ರಸ್ತೆಗಳು ಮುಚ್ಚಿರುತ್ತವೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಅವಧಿಯೇ ನಂಬಿಕೆಯದ್ದು.

ಉಡುಪಿನ ವಿಷಯದಲ್ಲಿ ಒಂದು ಸಣ್ಣ ಲೆಕ್ಕ ನೆನಪಿರಲಿ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಸೂಸಾದಲ್ಲಿ 30 ಡಿಗ್ರಿ ಬಿಸಿಲಿದ್ದರೆ ಫಿನೆಸ್ತ್ರೆಯ ಮೇಲೆ 19 ಇರುತ್ತದೆ. ಬೆವರಿನಿಂದ ತೊಯ್ದ ಅಂಗಿಯಲ್ಲಿ ಅಲ್ಲಿಂದ ಇಳಿಯತೊಡಗಿದರೆ ಬ್ರೇಕ್ ಹಿಡಿಯುವ ಬೆರಳುಗಳು ಮರಗಟ್ಟುತ್ತವೆ. ಗಾಳಿ ತಡೆಯುವ ಜಾಕೆಟ್ಟು, ಪೂರ್ತಿ ಬೆರಳಿನ ಕೈಗವಸು ಬೇಸಿಗೆಯಲ್ಲೂ ಚೀಲದಲ್ಲಿರಬೇಕು. ನೀರನ್ನು ಕನಿಷ್ಠ ಎರಡು ಲೀಟರ್ ಹೊತ್ತುಕೊಂಡೇ ಹೊರಡಬೇಕು. ನೆತ್ತಿಯಲ್ಲಿ ಅಸ್ಸಿಯೆತ್ತಾ ಕಣಿವೆಬಾಯಿಯ ಸಮೀಪ ಊಟ ಸಿಗುವ ಒಂದು ತಂಗುಮನೆಯಿದೆ, ಆದರೆ ಅದನ್ನೇ ನೆಚ್ಚಿಕೊಂಡು ಬುತ್ತಿ ಬಿಟ್ಟು ಹೋಗಬಾರದು.

ಅಸ್ಸಿಯೆತ್ತಾ ಶಿಖರದಲ್ಲಿ 1747ರ ಜುಲೈ 19ರ ಯುದ್ಧದ ನೆನಪಿನ ಕಂಬವಿದೆ. ಏರಿ ಬಂದ ಫ್ರೆಂಚ್ ಸೈನ್ಯವನ್ನು ತುರಿನ್ ಸುತ್ತಲಿನ ಪಿಯೆಮೊಂತೆ ಪ್ರಾಂತ್ಯದ ಪಡೆ ಇಲ್ಲಿ ಹಿಮ್ಮೆಟ್ಟಿಸಿತು. ಫ್ರೆಂಚರ ದಂಡನಾಯಕ ಬೆಲ್–ಇಲ್ ಇಲ್ಲೇ ಸತ್ತ. ಇಳಿಜಾರನ್ನು ಕೆಳಗೆ ಬಗ್ಗಿ ನೋಡಿದರೆ ಅಷ್ಟು ದೂರ ಬಂದೂಕು ಹೊತ್ತು ಹತ್ತಿದವರ ಪಾಡು ಸೈಕಲ್ ಸವಾರರಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಬೇಸಿಗೆಯಲ್ಲಿ ಈ ಹುಲ್ಲುಗಾವಲುಗಳಿಗೆ ಕುರಿಹಿಂಡುಗಳು ಬರುತ್ತವೆ. ತೋಳಗಳು ಈ ಭಾಗಕ್ಕೆ ಮರಳಿರುವುದರಿಂದ ಹಿಂಡಿನ ಜೊತೆ ದೊಡ್ಡ ಬಿಳಿ ಕಾವಲುನಾಯಿಗಳೂ ಇರುತ್ತವೆ. ನಾಯಿ ಬೊಗಳುತ್ತಾ ಬಂದಾಗ ಜೋರಾಗಿ ತುಳಿದು ಪಾರಾಗಲು ನೋಡುವುದೇ ದೊಡ್ಡ ತಪ್ಪು. ಕೆಳಗಿಳಿದು, ಸೈಕಲ್ಲನ್ನು ನಾಯಿಗೂ ತಮಗೂ ನಡುವೆ ಹಿಡಿದುಕೊಂಡು, ಕಲ್ಲು–ಕೋಲು ಎತ್ತದೆ, ಹಿಂಡನ್ನು ದೂರದಿಂದ ಬಳಸಿ ನಡೆದುಹೋಗಬೇಕು. ಹಿಂಡಿನ ನಡುವೆ ನುಗ್ಗಕೂಡದು.

ಪಿಯಾನ್ ದೆಲ್ಲಾಲ್ಪೆಗೆ ಬಂದಾಗ ಅಂದಿನ ದೊಡ್ಡ ತೀರ್ಮಾನವೊಂದು ಕಾದಿರುತ್ತದೆ. ಎಡಕ್ಕೆ, ಮುನ್ನೂರು ಮೀಟರಿಗಿಂತ ತುಸು ಕಡಿಮೆ ಏರನ್ನು ಡಾಂಬರು ರಸ್ತೆಯಲ್ಲೇ ಹತ್ತಿದರೆ ಫಿನೆಸ್ತ್ರೆಯ ತುದಿ. ಅಲ್ಲಿಂದ ಸೂಸಾವರೆಗೆ ಇಳಿತ. ಜಲ್ಲಿಯ ಆ 8 ಕಿಲೋಮೀಟರನ್ನು ಇಳಿಯುವಾಗ ಬ್ರೇಕನ್ನು ಸದಾ ಒತ್ತಿ ಹಿಡಿಯದೆ, ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ವೇಗ ಕಳೆದುಕೊಂಡು, ತಿರುವಿನೊಳಗೆ ಸಡಿಲ ಬಿಡಬೇಕು. ಇಲ್ಲವಾದರೆ ಡಿಸ್ಕ್ ಕಾದು ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ. ಸೂಸಾದಿಂದ ಬುಸ್ಸೊಲೇನೊ ಮೂಲಕ ತುರಿನ್‌ಗೆ ರೈಲಿದೆ. ಆದರೆ ಉತ್ತರದಲ್ಲಿ ಮೋಡ ಕಪ್ಪಾಗಿದ್ದರೆ, ಕೈ ಸೋತಿದ್ದರೆ, ಅಥವಾ ಗಡಿಯಾರ ಮಧ್ಯಾಹ್ನ ಎರಡು ದಾಟಿದ್ದರೆ, ಫಿನೆಸ್ತ್ರೆಯ ಕಡೆ ತಲೆಹಾಕದೆ ಬಲಕ್ಕೆ ತಿರುಗಿ ಉಸ್ಸೋ ಊರಿನ ಕಡೆಗೆ ಇಳಿಯುವುದೇ ಸರಿ. ಕೆಳಗೆ ಸುಮಾರು 4,000 ಮೆಟ್ಟಿಲುಗಳ ಫೆನೆಸ್ತ್ರೆಲ್ಲೆ ಕೋಟೆಯನ್ನು ಎಡಕ್ಕೆ ಬಿಟ್ಟು ಕಿಸೋನೆ ಹೊಳೆಯ ಜೊತೆಗೇ ಸಾಗಿದರೆ ಪಿನೆರೋಲೊ ಪಟ್ಟಣ ಸಿಗುತ್ತದೆ. ಅಲ್ಲಿಂದಲೂ ತುರಿನ್‌ಗೆ ರೈಲುಗಳು ಓಡುತ್ತವೆ.