ಮೂರು ಗೀಟಿನ ಬೋಗಿ

ನಾನು ಸುಂಟಿಕೊಪ್ಪದ ಕಡೆ ಬೋರ್ಡು ಬರೆಯುವವನು. ಲಾರಿ ಬಾಡಿ, ಅಂಗಡಿ ಬೋರ್ಡು, ಎಸ್ಟೇಟ್ ಗೇಟಿನ ಹೆಸರು ಎಲ್ಲಾ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ಕುಂಚಕ್ಕೆ ಅರ್ಧ ರಜೆ. ಕೊಡಗಿನಲ್ಲಿ ರೈಲು ಅಂದರೆ ಮಡಿಕೇರಿ ರಾಜಾಸೀಟಿನಲ್ಲಿದ್ದ ಪುಟಾಣಿ ರೈಲು, ಅಷ್ಟೇ. ಹಾಗಾಗಿ ಒಬ್ಬ ಸಾಹುಕಾರರು ಫೋನ್ ಮಾಡಿ "ರೈಲು ಬೋಗಿಗೆ ಬಣ್ಣ ಹೊಡೀಬೇಕು, ಬಾ ಮಾರಾಯ" ಅಂದಾಗ ತಮಾಷೆ ಅಂದುಕೊಂಡೆ.

ತಮಾಷೆಯಲ್ಲ. ತೋಟದಲ್ಲಿ ಸಿಲ್ವರ್ ಮರಗಳ ಕೆಳಗೆ ಮೀಟರ್‌ಗೇಜಿನ ಹಳೇ ಮರದ ಬೋಗಿಯೊಂದರ ಅರ್ಧಭಾಗ ಕೂತಿತ್ತು. 1990ರ ದಶಕದಲ್ಲಿ ಮೈಸೂರಿನ ಕಡೆಯ ಹಳಿಗಳು ಬ್ರಾಡ್‌ಗೇಜ್ ಆದಾಗ ಇಂಥವೆಲ್ಲ ಕೆಲಸ ಕಳೆದುಕೊಂಡವು. 1000 ಮಿ.ಮೀ. ಅಗಲದ ಹಳಿಯ ಗಾಡಿಗೆ 1676 ಮಿ.ಮೀ. ಹಳಿಯಲ್ಲೇನು ಕೆಲಸ? ಗುಜರಿಯವರ ಕೈ ಸೇರಿ, ಎರಡು ತುಂಡಾಗಿ, ಒಂದು ತುಂಡು ಇಲ್ಲಿಗೆ ಬಂದಿತ್ತು. ಇಡೀ ಬೋಗಿಯಾಗಿದ್ದರೆ ಟ್ರೈಲರು ತೋಟದ ಗೇಟಿನ ತಿರುವನ್ನೇ ದಾಟುತ್ತಿರಲಿಲ್ಲ. ಹೋಮ್‌ಸ್ಟೇಗೆ ಬಂದವರು ಒಳಗೆ ಕೂತು ತಿಂಡಿ ತಿನ್ನಬೇಕು ಅನ್ನುವುದು ಸಾಹುಕಾರರ ಆಸೆ. ಬಣ್ಣವನ್ನೂ ಅವರೇ ನಿರ್ಧರಿಸಿಬಿಟ್ಟಿದ್ದರು: ಊಟಿ ರೈಲಿನ ಹಾಗೆ ನೀಲಿ, ಕೆನೆ.

"ಅದು ಊಟಿಯದ್ದಲ್ವಾ ಸಾಹುಕಾರ್ರೇ?" ಅಂದೆ. "ಅದೂ ಮೀಟರ್‌ಗೇಜೇ" ಅಂದರು. ಅದು ನಿಜವೇ. ಬಾಯಿ ಮುಚ್ಚಿಕೊಂಡೆ. ಆದರೆ ಮೊದಲು ಎಂಟು ದಿನ ಕೆರೆಯುವುದಕ್ಕೆ ಬಿಡಿ ಅಂತ ಕೇಳಿಕೊಂಡೆ.

ಹಳೇ ಬಣ್ಣ ಕೆರೆಯುವಾಗ ಮೊದಲ ಎಚ್ಚರ ಸೀಸದ್ದು. ಆ ಕಾಲದ ಎಣ್ಣೆ ಬಣ್ಣದಲ್ಲಿ ಅದು ಇರುತ್ತದೆ ಅಂತಲೇ ಲೆಕ್ಕ ಹಾಕಬೇಕು. ಒಣ ಉಜ್ಜಿದರೆ ಧೂಳು ಎದೆಗೆ, ಬ್ಲೋ ಲ್ಯಾಂಪ್ ಹಿಡಿದರೆ ಹೊಗೆ ಎದೆಗೆ. ಆದ್ದರಿಂದ ನೀರು ಹಾಕಿಯೇ ಉಜ್ಜುವುದು, ಮುಖಕ್ಕೆ ಮಾಸ್ಕ್, ಕೆಳಗೆ ಟಾರ್ಪಾಲು. ಉದುರಿದ್ದನ್ನು ಚೀಲಕ್ಕೆ ತುಂಬಿ ಕಟ್ಟಿಡಬೇಕು, ದನಕರು ಅತ್ತ ಸುಳಿಯದ ಹಾಗೆ ನೋಡಿಕೊಳ್ಳಬೇಕು.

ಬಾಗಿಲ ಹಿಡಿಯ ಹಿತ್ತಾಳೆ ತಗಡು ಬಿಚ್ಚಿದೆ. ಅದರ ಕೆಳಗೆ ಬಿಸಿಲು ಮಳೆ ಕಾಣದ ಅಂಗೈಯಗಲ ಜಾಗ. ಅಲ್ಲಿ 180, 320, 600 ನಂಬರಿನ ಉಪ್ಪುಕಾಗದದಲ್ಲಿ ಗುಂಡಗೆ, ಮಧ್ಯ ಆಳವಾಗಿ, ಅಂಚು ತೆಳುವಾಗಿ ಉಜ್ಜಿದೆ. ಉಂಗುರದೊಳಗೆ ಉಂಗುರ ಎದ್ದು ಬಂತು: ಮೇಲೆ ಯಾರೋ ಬಳಿದ ಬೂದು, ಅದರ ಕೆಳಗೆ ಎರಡು ಮೂರು ಸಲ ಇಟ್ಟಿಗೆ ಕೆಂಪು, ಅದಕ್ಕೂ ಕೆಳಗೆ ಗಾಢ ಕಂದು, ಕೊನೆಗೆ ಬಿಳಿಚಿದ ಪ್ರೈಮರ್, ತೇಗ. ಸಾಹುಕಾರರ ಮೊಮ್ಮಗಳು ಬಂದು ನೋಡಿ "ತಾತ, ರೈಲಿಗೆ ಹುಳುಕಡ್ಡಿ ಆಗಿದೆ" ಅಂದಳು.

ಕಾಲ ಹೇಳಿದ್ದು ಮಾತ್ರ ಅಕ್ಷರಗಳು. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಹಲಗೆಗೆ ಒರಗಿಸಿ ಅಡ್ಡ ಬೆಳಕು ಬಿಟ್ಟರೆ, ಬಣ್ಣ ಮುಚ್ಚಿದ್ದರೂ ಹಳೇ ಕುಂಚದ ಏಣು ನೆರಳು ಕೊಡುತ್ತದೆ. ಬೋರ್ಡು ಬರೆಯುವವನಿಗೆ ಅದು ಗೊತ್ತಿರುತ್ತದೆ. ಮೊದಲು ಕಂಡದ್ದು ಎರಡನೇ ದರ್ಜೆ ಅಂತ ತೋರಿಸುವ ರೋಮನ್ ಅಂಕಿಯ ಎರಡು ಗೀಟು. ಅದನ್ನು ಮೆಲ್ಲಗೆ ಉಜ್ಜುತ್ತಾ ಹೋದರೆ ಅದೇ ಜಾಗದಲ್ಲಿ ಮೂರು ಗೀಟು! ಮೂರನೇ ದರ್ಜೆ ತೆಗೆದದ್ದು 1974ರಲ್ಲಿ. ಪಕ್ಕದಲ್ಲಿ ಎಸ್.ಆರ್. ಅಂತ ಇತ್ತು, ಅಂದರೆ ಸದರ್ನ್ ರೈಲ್ವೆ. ದಕ್ಷಿಣ ರೈಲ್ವೆ ಹುಟ್ಟಿದ್ದು 1951ರಲ್ಲಿ, ಮೈಸೂರು ರಾಜ್ಯದ ರೈಲ್ವೆಯೂ ಅದರೊಳಗೆ ಸೇರಿತು. ಅಂದರೆ ಕೆಳಗಿನ ಇಟ್ಟಿಗೆ ಕೆಂಪು ಈ ಎರಡು ವರ್ಷಗಳ ನಡುವಿನದ್ದು. ಅಲ್ಲಿಗೆ ನನ್ನ ಮನಸ್ಸು ಗಟ್ಟಿಯಾಯಿತು. ಬಣ್ಣಕ್ಕಿಂತ ಮೊದಲು ವರ್ಷ ಆರಿಸಬೇಕು. ವರ್ಷ ಆರಿಸಿದರೆ ಬಣ್ಣ, ಅಕ್ಷರ, ಒಳಗಿನ ಕೆನೆ ಎಲ್ಲ ತಾವಾಗಿಯೇ ಬರುತ್ತವೆ. ಇದಕ್ಕೆ ಮೊದಲು ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಎರಡು ಸಲ ಹೋಗಿದ್ದೆ. ಜನ ರಾಜಮನೆತನದ ಸಲೂನ್ ನೋಡುತ್ತಿದ್ದರೆ ನಾನು ಸಾದಾ ಬೋಗಿಗಳ ಕೀಲಿನ ಸಂದಿ ಇಣುಕುತ್ತಿದ್ದೆ. ಕಾವಲಿನವನಿಗೆ ಅನುಮಾನ ಬಂದಿರಬೇಕು.

ಸಾಹುಕಾರರು ಒಪ್ಪಲಿಲ್ಲ. "ದುಡ್ಡು ಕೊಟ್ಟು ಬಂದವರನ್ನ ಥರ್ಡ್ ಕ್ಲಾಸಲ್ಲಿ ಕೂರಿಸ್ಲಾ?" ಆಲ್ಬಮ್ಮಿನಿಂದ ಹಳೇ ಕಪ್ಪುಬಿಳುಪು ಫೋಟೋ ತಂದು "ನೋಡು, ಬೋಗಿ ಕಪ್ಪು" ಅಂದರು. ಹಿಂದಿನ ಕೆಲವು ಫಿಲ್ಮುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ಕೆಂಪೆಲ್ಲ ಕಪ್ಪಾಗಿ ಬೀಳುತ್ತಿತ್ತು. ಕಪ್ಪಾಗಿ ಕಾಣುವುದೇ ಕೆಂಪಿನ ಗುರುತು ಇರಬಹುದು ಅಂತ ವಾದಿಸಿದೆ. ಪಕ್ಕದಲ್ಲಿ ಕೂತಿದ್ದ ಅವರ ತಾಯಿ, ನಾವು ದೊಡ್ಡಮ್ಮ ಅನ್ನುವವರು, "ಕೆಂಪೇ. ಆದ್ರೆ ಇವನು ತೋರಿಸಿದ ಕೆಂಪಲ್ಲ, ಇನ್ನೂ ಕರಿ" ಅಂದರು. ಅವರ ಯಜಮಾನರು ಮಿಲಿಟರಿಯಲ್ಲಿದ್ದವರು. ರಜೆ ಮುಗಿದಾಗಲೆಲ್ಲ ಮೈಸೂರಿನ ತನಕ ಬಸ್ಸು, ಅಲ್ಲಿಂದ ರೈಲು. ಹಬೆ ಎಂಜಿನ್ನಿನ ಮಸಿ ಕೂತ ಬೋಗಿಯೇ ಅವರ ನೆನಪಿನ ಬೋಗಿ. ಮಸಿ ಬೇರೆ, ಬಣ್ಣ ಬೇರೆ ಅಂತ ಅವರಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಕೊನೆಗೆ ಗೆದ್ದದ್ದು ಚರಿತ್ರೆಯಲ್ಲ, ಪಾಚಿ. "ಈ ನೆರಳಲ್ಲಿ ಕೆನೆ ಬಣ್ಣ ಹೊಡೆದರೆ ಕಕ್ಕಡದ ಮಳೆ ತಿಂಗಳು ಮುಗಿಯುವಷ್ಟರಲ್ಲಿ ಹಸಿರು ಹಿಡಿಯುತ್ತದೆ" ಅಂದೆ. ಕಾಫಿ ಒಣಗಿಸುವ ಕಣದ ಪಕ್ಕದ ಪಾಚಿ ಹಿಡಿದ ಗೋಡೆ ನೋಡಿ ಸಾಹುಕಾರರು ಸುಮ್ಮನಾದರು.

ಬಣ್ಣ ಹೊಂದಿಸುವುದು ಸುಲಭವಿರಲಿಲ್ಲ. ಅಂಗಡಿಯ ಮಿಷನ್ನಿನಲ್ಲಿ ಮಾಡಿಸಿದ್ದು ಟ್ಯೂಬ್‌ಲೈಟಿನಲ್ಲಿ ತದ್ರೂಪ, ತೋಟಕ್ಕೆ ತಂದರೆ ಬದನೆಕಾಯಿ. ಮರದಡಿಯ ಬೆಳಕೇ ಹಸಿರು, ಕೆಂಪನ್ನು ಅದು ಸಾಯಿಸುತ್ತದೆ. ಹಾಗಂತ ಕೆಂಪು ಹೆಚ್ಚಿಸಿದರೆ ಬಯಲಿನಲ್ಲಿ ಪೋಸ್ಟ್ ಡಬ್ಬಿ. ರೆಡ್ ಆಕ್ಸೈಡಿಗೆ ಚೂರು ಕಪ್ಪು, ಚೂರು ಕಡುಗೆಂಪು ಸೇರಿಸಿ ಒಂಬತ್ತು ಹಲಗೆ ಬಳಿದು, ಪೂರ್ತಿ ಒಣಗಿಸಿ, ಕಾಫಿ ಕಣದ ಮಧ್ಯಾಹ್ನದ ಬಿಸಿಲಲ್ಲಿ ತಗಡಿನ ಕೆಳಗಿನ ಚೂರಿನ ಜೊತೆ ಇಟ್ಟು ನೋಡಿದೆ. ಏಳನೆಯದ್ದು ಕೂತಿತು. ಒಳಗಿನ ಕೆನೆಗೆ ಬೇರೆ ತಂಟೆ. ಸಾಮಾನಿನ ಹಲಗೆಯ ಬ್ರಾಕೆಟ್ ಕೆಳಗೆ ಅದು ಹಳೇ ತುಪ್ಪದ ಹಾಗೆ ಹಳದಿಯಾಗಿತ್ತು. ಅಗಸೆ ಎಣ್ಣೆಯ ಬಣ್ಣ ಕತ್ತಲಲ್ಲಿ ಹಳದಿಯಾಗುತ್ತದೆ, ಬೆಳಕು ಬಿದ್ದರೆ ಮತ್ತೆ ತಿಳಿಯಾಗುತ್ತದೆ. ಹದಿನೈದು ದಿನ ಕಿಟಕಿ ತೆರೆದಿಟ್ಟು ಆಮೇಲೆ ಹೊಂದಿಸಿದೆ.

ತೇಗದ ಜಿಡ್ಡು ಬಣ್ಣವನ್ನು ಒಣಗಲು ಬಿಡುವುದಿಲ್ಲ. ಥಿನ್ನರಿನಲ್ಲಿ ಎರಡು ಸಲ ಒರೆಸಿ ಅಲ್ಯೂಮಿನಿಯಂ ಪ್ರೈಮರ್ ಹಾಕಿದೆ, ಕಬ್ಬಿಣಕ್ಕೆ ಜಿಂಕ್ ಕ್ರೋಮೇಟ್. ಕೊಯ್ಲು ಮುಗಿದ ಮೇಲೆ ಹಿಡಿದ ಕೆಲಸ, ಕಾಫಿ ಹೂ ಅರಳಿಸುವ ಹೂಮಳೆಗೆ ನಾಲ್ಕು ದಿನ ನಿಂತಿತು. ಬೆಳಿಗ್ಗೆ ಹತ್ತರ ಮುಂಚೆ ಇಬ್ಬನಿ, ಸಂಜೆ ನಾಲ್ಕರ ಮೇಲೆ ಹೊಡೆದರೆ ಎನಾಮೆಲ್ ಮಂಕಾಗಿ ಬೂದಿ ಬಳಿದಂತಾಗುತ್ತದೆ. ದಿನಕ್ಕೆ ಆರು ಗಂಟೆ ಸಿಕ್ಕಿದರೆ ಪುಣ್ಯ.

ಒಂದು ತಪ್ಪು ನನ್ನದೇ. ಊಟಕ್ಕೆ ಹೋದಾಗ ಸಹಾಯಕ್ಕಿದ್ದ ಹುಡುಗನಿಗೆ ಹೇಳಿ ಹೋಗಿರಲಿಲ್ಲ. ಬಂದು ನೋಡಿದರೆ ಬೋಗಿ ನಂಬರಿನ ಕೊನೆಯ ಅಂಕಿಯನ್ನು ಅವನು ಉಜ್ಜಿ ಮುಗಿಸಿದ್ದ. ಮೂರೋ ಎಂಟೋ. ಬೋಗಿಯ ಇನ್ನೊಂದು ಬದಿಯ ಹಲಗೆಗಳು ಮೊದಲೇ ಬದಲಾಗಿದ್ದರಿಂದ ಅಲ್ಲೂ ಗುರುತಿಲ್ಲ. "ನನ್ನ ಜೀಪಿನ ನಂಬರ್ ಹಾಕು" ಅಂದರು ಸಾಹುಕಾರರು. ನಾನು ಹಾಕಲಿಲ್ಲ. ಗೊತ್ತಿದ್ದ ಅಂಕಿಗಳನ್ನಷ್ಟೇ ಬರೆದು ಕೊನೆಯ ಜಾಗ ಖಾಲಿ ಬಿಟ್ಟಿದ್ದೇನೆ. ಮೂರು ಗೀಟನ್ನು ಮಾತ್ರ ಟ್ರೇಸ್ ಮಾಡಿದ ಅಳತೆಯಲ್ಲೇ ಹಳದಿಯಲ್ಲಿ ಕೈಯಲ್ಲೇ ಎಳೆದೆ. ಹುಳುಕಡ್ಡಿಯನ್ನೂ ಮುಚ್ಚಿಲ್ಲ, ಮೇಲೊಂದು ಗಾಜು ಕೂರಿಸಿದೆ.

ದೊಡ್ಡಮ್ಮ ಇನ್ನೂ ಒಪ್ಪಿಲ್ಲ. "ಮದುವೆಗೆ ಹೊರಟ ಹಾಗಿದೆ" ಅನ್ನುತ್ತಾರೆ. ಒಂದು ಮಳೆಗಾಲ ಕಳೆಯಿತು. ಕೆಂಪು ನಿಂತಿದೆ, ಕಿಟಕಿ ಚೌಕಟ್ಟಿನ ಕೆಳಗೆ ಎರಡು ಕಡೆ ಗುಳ್ಳೆ ಎದ್ದಿದೆ, ಸೂರಿನ ಮೂಲೆಯೊಂದು ಸೋರುತ್ತಿದೆ. ಈ ಸಲದ ಕೊಯ್ಲು ಮುಗಿದ ಮೇಲೆ ಮೊದಲು ಸೂರು, ಆಮೇಲೆ ಗುಳ್ಳೆ.